ಕಾಕಾ ಹಿಡಿದ ನೈಟ್ ಪಾಳಿ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಲ್ಲ. ಪಕ್ಕದ ಮನೆಯವರ ಹೊಸ ಫ್ರಿಜ್ಜು, ತಂಗಿಯ ಉದ್ದ ಜಡೆ, ಇಂಥವೆಲ್ಲ ನನ್ನನ್ನು ಒಂದೆರಡು ದಿನ ಸುಟ್ಟು ಸುಮ್ಮನಾಗುತ್ತಿದ್ದವು. ಒಬ್ಬ ಮನುಷ್ಯನ ಮೇಲೆ ಮಾತ್ರ ವರ್ಷಗಟ್ಟಲೆ ಹೊಟ್ಟೆಕಿಚ್ಚು ಪಟ್ಟೆ. ಅವರು ಹೆಂಗಸಲ್ಲ, ಚೆಲುವರಲ್ಲ, ಸಿರಿವಂತರೂ ಅಲ್ಲ. ಐವತ್ತು ದಾಟಿದ, ಒಣಕಲು ಮೈಯ ಗಂಡಸು. ಗೋವಾದ ವೆರ್ಣಾದಲ್ಲಿ ಒಂದು ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಪಟ್ಟಿ ಬಿಗಿಯುವ ಕೆಲಸ. ನನ್ನ ಗಂಡನದೂ ಅಲ್ಲೇ, ಅದೇ ಕೆಲಸ. ಕಂಪನಿ ಬಸ್ಸಿನಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಕಾಕಾ ಹೋದ ವರ್ಷ ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಅವರ ಬಗ್ಗೆ ಬರೆಯಲು ಒಳ್ಳೆಯದು ಬಿಟ್ಟು ಬೇರೆ ಏನೂ ಇಲ್ಲ, ನನ್ನ ಸಂಕಟವೇ ಅದು.

ಅವರು ನಮ್ಮ ಮನೆಗೆ ಬಂದರೆ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದರು. ಒಂದು ಸಲ ಬರ್ರಿ ಎಂದರೆ ಬರುವವರಲ್ಲ, ಎರಡು ಸಲ ಅನ್ನಿಸಿಕೊಂಡೇ ಒಳಗೆ ಬರುವವರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಜೇಬಿನಲ್ಲಿ ನಾಲ್ಕು ಮಡಿಕೆಯ ಕರವಸ್ತ್ರ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು, ಆದರೂ ಕೈ ನಡುಗಿ ಕೆಳಗಿನ ಬಶಿ ತಟ್ಟೆಗೆ ಚೆಲ್ಲುತ್ತಿತ್ತು. ಗೋವಾದಲ್ಲಿ ಕೈ ನಡುಗುವ ಗಂಡಸೆಂದರೆ ಫೆನ್ನಿ ಕುಡಿಯುವವನೇ ಎಂದು ನಾನು ತೀರ್ಮಾನಿಸಿಬಿಟ್ಟೆ. ನನ್ನ ಗಂಡನಿಗೆ ಹೇಳಿಯೂ ಹೇಳಿದೆ: "ನಿಮ್ಮ ಕಾಕಾ ಭಾಳ ಹಾಕ್ತಾರ ಕಾಣಸ್ತೈತಿ." ಇವರು ನಕ್ಕರು. ಆ ನಗು ನನಗೆ ಸರಿಬರಲಿಲ್ಲ.

ಇನ್ನೊಂದು ಅಭ್ಯಾಸ ಇತ್ತು ಕಾಕಾನಿಗೆ. ರಾತ್ರಿ ಒಂಬತ್ತಕ್ಕೆ ಮಲಗಲೇಬೇಕು. ನಮ್ಮ ಚಾಳಿನ ಸಾಲುಮನೆಗಳಲ್ಲಿ ನಾಮಕರಣವಾಗಲಿ, ಸತ್ಯನಾರಾಯಣ ಪೂಜೆಯಾಗಲಿ, ಎಲೆ ಹಾಕುವ ಮೊದಲೇ ಎದ್ದುಬಿಡುತ್ತಿದ್ದರು. ಯಾರಾದರೂ ಕೈಹಿಡಿದು ಎಳೆದರೆ, "ನನ್ನ ನಿದ್ದಿ ಅಂದ್ರ ಸಾಹುಕಾರ ಇದ್ದಂಗ್ರಿ, ಕರದಾಗ ಹೋಗಬೇಕು" ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ನೈಟ್ ಪಾಳಿ ಬಂದರೆ, ಹಗಲು ಬೀಚಿನಲ್ಲಿ ಮಣಿಸರ ಮಾರುವ ನಮ್ಮೂರ ಕಡೆಯ ಒಬ್ಬ ಜೊತೆ ಕೆಲಸಗಾರನಿಗೆ ಅದನ್ನು ಕೊಟ್ಟು ಅವನ ಹಗಲು ಪಾಳಿ ತಾವು ತೆಗೆದುಕೊಳ್ಳುತ್ತಿದ್ದರು. ಎಂಥ ಸುಖಜೀವಿ ಎಂದುಕೊಂಡಿದ್ದೆ ನಾನು.

ಇನ್ನು ನಮ್ಮವರ ಕಥೆ. ಎರಡು ಸಾವಿರದ ನಾಲ್ಕರ ಸುಮಾರು. ನಾವು ವಾಸ್ಕೊ ಬದಿಯ ಗುಡ್ಡದ ಮೇಲೆ ಒಂದೇ ಖೋಲಿಯ ಮನೆಯಲ್ಲಿದ್ದೆವು. ನಾನು ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರು ಹೊಲಿಯುತ್ತಿದ್ದೆ. ಇವರು ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ನೈಟ್ ಹೀಗೆ ಹೋಗಿಬರುತ್ತಿದ್ದರು. ಮೊದಲು ನಿದ್ದೆ ಹೋಯಿತು. ಆಮೇಲೆ ಟೀವಿಯಲ್ಲಿ ವಾರ್ತೆ ಓದುವವನು ತಮ್ಮ ಸುದ್ದಿ ಹೇಳುತ್ತಾನೆ ಎಂದು ಬಟನ್ ಒತ್ತಿ ಆರಿಸತೊಡಗಿದರು. ಕಿವಿಗೆ ಹತ್ತಿ ತುರುಕಿಕೊಂಡರು. ಯಾರೋ ಇಬ್ಬರು ಸದಾ ತಮ್ಮ ಬಗ್ಗೆ ಮಾತಾಡುತ್ತಾರಂತೆ, ಒಬ್ಬ ಬೈಯುತ್ತಾನಂತೆ, ಇನ್ನೊಬ್ಬ ನಗುತ್ತಾನಂತೆ. ಸೂಪರ್‌ವೈಜರ್ ತಮ್ಮ ಮೇಲೆ ಕಣ್ಣಿಟ್ಟಿದ್ದಾನೆ ಎಂದರು. ಕೊನೆಗೆ ನಾನೂ ಅವನ ಕಡೆಯವಳೇ ಎಂದರು.

ಅತ್ತೆ ಬಾಗಲಕೋಟೆ ಕಡೆಯಿಂದ ಓಡಿ ಬಂದವರೇ ಮಾಟ ಎಂದರು. ನನ್ನ ಅಣ್ಣ ಫ್ಯಾಕ್ಟರಿಯ ಗ್ಯಾಸ್ ತಲೆಗೆ ಏರಿದೆ ಎಂದ. ಚಾಳಿನವರು ಹೆಣ್ಣುಮಕ್ಕಳ ಕಾಟ ಎಂದು ನನ್ನ ಮುಖ ನೋಡಿದರು. ನನ್ನ ನಾಲಿಗೆ ಚೂಪು ಎಂಬುದು ಎಲ್ಲರಿಗೂ ಗೊತ್ತು, ನನಗೂ ಗೊತ್ತು. ನನ್ನ ಬಾಯಿಂದಲೇ ಇವರ ತಲೆ ಕೆಟ್ಟಿತೇ ಎಂದು ಅಡುಗೆ ಮಾಡುತ್ತ ಅತ್ತಿದ್ದೇನೆ.

ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಸ್ಕಿಜೋಫ್ರೇನಿಯಾ ಎನ್ನುತ್ತಾರೆ ಇದಕ್ಕೆ. ಮೆದುಳಿನೊಳಗಿನ ರಾಸಾಯನಿಕಗಳ ಏರುಪೇರು. ಮನೆತನದಲ್ಲಿ ಹಿಂದೆ ಯಾರಿಗಾದರೂ ಇದ್ದರೆ ಬರುವ ಸಂಭವ ಸ್ವಲ್ಪ ಹೆಚ್ಚು, ಯಾರಿಗೂ ಇಲ್ಲದಿದ್ದರೂ ಬರಬಹುದು. ನಿದ್ದೆಗೆಟ್ಟರೆ, ಮನಸ್ಸಿನ ಮೇಲೆ ಒತ್ತಡ ಬಿದ್ದರೆ ಕೆರಳುತ್ತದೆ. ಹೆಂಡತಿಯ ಬಾಯಿಂದ ಬರುವ ರೋಗ ಇದಲ್ಲ, ಆದರೆ ಮನೆಯಲ್ಲಿ ಕೂಗಾಟ ಕಡಿಮೆಯಿದ್ದಷ್ಟೂ ಒಳ್ಳೆಯದು. ಗುಳಿಗೆ ದಿನವೂ ತೆಗೆದುಕೊಳ್ಳಬೇಕು, ಗುಣವಾದ ಹಾಗೆ ಕಂಡರೂ ಬಿಡಬಾರದು. ನೈಟ್ ಪಾಳಿ ಬೇಡ. ಇಷ್ಟು ಹೇಳಿ ಚೀಟಿ ಕೊಟ್ಟರು.

ಗುಳಿಗೆ ತಂದದ್ದಾಯಿತು. ನುಂಗುವವರು ಯಾರು? ತಮಗೆ ರೋಗವೇ ಇಲ್ಲ ಎಂದು ಇವರ ವಾದ. ಆಗ ನಾನು ನಮ್ಮಂಥ ಹೆಣ್ಣುಮಕ್ಕಳು ಮಾಡುವ ಜಾಣತನವನ್ನೇ ಮಾಡಿದೆ. ಗುಳಿಗೆಯನ್ನು ಕಲಬತ್ತಿನಲ್ಲಿ ಕುಟ್ಟಿ ಪುಡಿಮಾಡಿ ಶೇಂಗಾ ಚಟ್ನಿಗೆ ಬೆರೆಸಿ, ಮೇಲೆ ಮೊಸರು ಸುರಿದು ರೊಟ್ಟಿಯ ಜೊತೆ ಇಟ್ಟೆ. ನಾಲ್ಕು ದಿನ ನಡೆಯಿತು. ಐದನೆಯ ದಿನ ಇವರು ಹಿಂದೆ ಬಂದು ನಿಂತಿದ್ದು ನನಗೆ ಗೊತ್ತಾಗಲಿಲ್ಲ.

"ಅದರಾಗ ಏನ ಹಾಕಿದಿ?"

"ಉಪ್ಪು" ಎಂದೆ.

ಇವರು ಕಲಬತ್ತಿನೊಳಗೆ ಬೆರಳಿಟ್ಟು ನೆಕ್ಕಿದರು. ಕಹಿ. ಅಂಗಳಕ್ಕೆ ಹೋಗಿ ಕುಳಿತರು. ಹೆಂಡತಿ ಅನ್ನದಲ್ಲಿ ವಿಷ ಹಾಕುತ್ತಾಳೆ ಎಂಬ ಅನುಮಾನ ಅಷ್ಟು ದಿನ ಅವರ ತಲೆಯೊಳಗೆ ಇತ್ತು. ನಾನು ಅದಕ್ಕೆ ಸಾಕ್ಷಿ ಒದಗಿಸಿಕೊಟ್ಟೆ. ಅಂದಿನಿಂದ ನನ್ನ ಕೈಯ ಊಟ ಬಿಟ್ಟರು. ಅಂಗಡಿಯ ಪಾವ್, ಬಾಳೆಹಣ್ಣು, ನಳದ ನೀರು.

ರಜೆಯ ಮೇಲೆ ರಜೆ ಹಾಕಿ ಕೆಲಸ ಉಳಿಸಿಕೊಂಡಿದ್ದರು. ಕೆಲಸಕ್ಕೆ ಹೋದ ದಿನ ನಾನು ಕಟ್ಟಿಕೊಟ್ಟ ಡಬ್ಬಿ ಹಾಗೇ ವಾಪಸು ಬರುತ್ತಿತ್ತು. ಒಂದು ದಿನ ಡಬ್ಬಿ ಖಾಲಿ ಬಂತು. ತೊಳೆದು, ಒರೆಸಿ, ಲಖಲಖ ಹೊಳೆಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಆ ಸಂಜೆ ಕಾಕಾ ಮೊದಲ ಸಲ ನಮ್ಮ ಹೊಸ್ತಿಲಲ್ಲಿ ನಿಂತು, "ನನ್ನವ್ವ, ನಿನ್ನ ಕೈಯಾನ ಎಣಗಾಯಿ ಭಾಳ ಚಲೋ ಇತ್ತು ನೋಡು" ಎಂದರು.

ಆಮೇಲೆ ತಿಳಿಯಿತು. ಬಸ್ಸಿನಲ್ಲಿ ಇವರ ಪಕ್ಕ ಕೂರುತ್ತಿದ್ದ ಕಾಕಾ, ಡಬ್ಬಿ ಬಿಚ್ಚದ್ದನ್ನು ಕಂಡು ಏನೂ ಕೇಳದೆ ತಮ್ಮ ಡಬ್ಬಿ ಇವರ ಮುಂದೆ ಸರಿಸಿ ಇವರದನ್ನು ತಾವು ಉಂಡಿದ್ದರು. ಕಾಕಾ ಒಂಟಿ, ರೊಟ್ಟಿ ತಾವೇ ಬಡಿಯುವವರು. ಒಂದು ಬದಿ ಹೊತ್ತಿದ, ಇನ್ನೊಂದು ಬದಿ ಹಸಿಯ, ಅಂಗೈ ದಪ್ಪದ ರೊಟ್ಟಿ. ನನ್ನ ತೆಳ್ಳನೆಯ ರೊಟ್ಟಿ ಬಿಟ್ಟು ನನ್ನ ಗಂಡ ಅದನ್ನು ತಿಂದರು. ದಿನವೂ ತಿಂದರು. ಬೇರೆ ಹೆಂಗಸಿನ ಮನೆಯಲ್ಲಿ ಉಂಡಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಕಾಕಾ ಮಾತ್ರ ತಪ್ಪದೆ ಬಂದು ನನ್ನ ಪಲ್ಯ ಹೊಗಳಿ ಹೋಗುತ್ತಿದ್ದರು. ಒಂದೊಂದು ಹೊಗಳಿಕೆಯೂ ನನಗೆ ಮೆಣಸಿನ ಪುಡಿ ಎರಚಿದ ಹಾಗೆ.

ಗುಳಿಗೆಯನ್ನೂ ಕಾಕಾನೇ ನುಂಗಿಸಿದರು. ಮುಚ್ಚುಮರೆ ಇಲ್ಲದೆ. ಸಂಜೆ ಬಸ್ಸಿಳಿದು ನಮ್ಮ ಕಟ್ಟೆಯ ಮೇಲೆ ಕುಳಿತು, ಅಂಗೈಯಲ್ಲಿ ಗುಳಿಗೆ ಇಟ್ಟುಕೊಂಡು ಹೇಳುವುದನ್ನು ಕಿಟಕಿಯಿಂದ ಕೇಳಿದ್ದೇನೆ.

"ಇದು ಗುಳಗಿ. ಕಹಿ ಐತಿ. ತಗೊಂಡ್ರ ನಿದ್ದಿ ಬರತೈತಿ, ಬಾಯಿ ಒಣಗತೈತಿ, ಮೈ ದಪ್ಪ ಆದ್ರೂ ಆಗಬಹುದು. ತಗೋ ಅಂತ ನಾ ಅನ್ನೂದಿಲ್ಲ. ನನ್ನ ಗುಳಗಿ ನಾ ತಗೋತೇನಿ ಅಷ್ಟ."

ಹಾಗೆ ಹೇಳಿ ತಮ್ಮ ಜೇಬಿನಿಂದ ಒಂದು ಗುಳಿಗೆ ತೆಗೆದು ನುಂಗಿ ನೀರು ಕುಡಿದರು. ಎಂಟೋ ಹತ್ತೋ ದಿನ ಇವರು ಬರೀ ನೋಡಿದರು. ಆಮೇಲೆ ಒಂದು ಸಂಜೆ ತಾವೂ ನುಂಗಿದರು. ಕಾಕಾನ ಗುಳಿಗೆ ಯಾತರದ್ದು ಎಂದು ಕೇಳಿದೆ. "ಬೀಪಿದ್ದವ್ವ" ಎಂದರು.

ನನಗೂ ಪಾಠ ಹೇಳುತ್ತಿದ್ದರು. ಇವರಿಗೆ ದನಿ ಕೇಳುತ್ತದೆ ಎಂದಾಗ ನಾನು, "ಇಲ್ಲಿ ಯಾರೂ ಇಲ್ಲ, ಸುಮ್ಮನ ಹುಚ್ಚು ಹಿಡದವರಂಗ ಮಾಡಬ್ಯಾಡ್ರಿ" ಎಂದು ಗದರುತ್ತಿದ್ದೆ. ಕಾಕಾ ಒಂದು ದಿನ ಮೆಲ್ಲಗೆ ಅಂದರು, "ಅವಗ ಕೇಳಾಕತ್ತೈತಿ ಅಂದ್ರ ಖರೇನ ಕೇಳಾಕತ್ತೈತಿ ನನ್ನವ್ವ. ನನಗ ಕೇಳೂದಿಲ್ರಿ ಅನ್ನು, ಸಾಕು. ಇಲ್ಲ ಅಂತ ವಾದಾ ಹಾಕಿದ್ರ ಆಂವ ಒಬ್ಬಾಂವನ ಆಗಿಬಿಡ್ತಾನ."

ಅತ್ತೆ ಇವರನ್ನು ದೆವ್ವ ಬಿಡಿಸುವ ಗುಡಿಗೆ ಕರೆದೊಯ್ದು ಕಟ್ಟಿಹಾಕಿಸುತ್ತೇನೆ ಎಂದು ಹಟ ಹಿಡಿದಾಗಲೂ ಕಾಕಾ ಜಗಳಾಡಲಿಲ್ಲ. "ದೇವರಿಗೆ ಇಲ್ಲಿಂದನ ಕೈಮುಗೀರಿ ಯಕ್ಕಾ. ಗುಳಗಿ ಬಿಡು ಅಂತ ಯಾವ ದೇವರೂ ಹೇಳಿಲ್ಲ. ಕಟ್ಟಿಹಾಕಿದ್ರ ಕೈಗೆ ಗಾಯ ಆಗತಾವ, ತಲಿಯೊಳಗಿಂದು ತಲಿಯೊಳಗ ಇರತೈತಿ" ಎಂದರು. ಅತ್ತೆ ಹಾಗಾದರೆ ಇದು ಯಾಕೆ ಬಂತು ಹೇಳು ಎಂದು ಕೇಳಿದರು. "ಯಾಕ ಬಂತು ಅಂತ ಹುಡಿಕ್ಕೋತ ಹೋದ್ರ ಕಡೀಕ ಯಾರನ್ನರ ಒಬ್ಬರನ್ನ ಬೈಬೇಕಾಗತೈತ್ರಿ. ಏನ ಮಾಡೂದು ಅಂತ ಕೇಳ್ರಿ, ಯಾರನ್ನೂ ಬೈಯೋ ಕೆಲಸ ಇಲ್ಲ." ನನ್ನ ಮಾತಿಗೆ ಎಂದೂ ತಲೆಯಾಡಿಸದ ಅತ್ತೆ ಅಂದು ತಲೆಯಾಡಿಸಿದರು. ಅದೂ ನನಗೆ ಚುಚ್ಚಿತು.

ಇವರು ಚೇತರಿಸಿಕೊಂಡರು. ದನಿಗಳು ದೂರವಾದವು, ಹತ್ತಿ ಕಿವಿಯಿಂದ ಇಳಿಯಿತು. ನಾನು ಸಂತೋಷಪಡಬೇಕಾಗಿತ್ತು. ಪಟ್ಟೆ ಕೂಡ. ಆದರೆ ಗುಣವಾದ ಗಂಡ ನನಗೆ ಸಿಗಲಿಲ್ಲ, ಕಾಕಾನಿಗೆ ಸಿಕ್ಕರು. ಭಯವಾದರೆ ಕಾಕಾನಿಗೆ ಹೇಳುವುದು, ಕನಸು ಬಿದ್ದರೆ ಕಾಕಾನಿಗೆ ಹೇಳುವುದು, ಆಸ್ಪತ್ರೆಗೆ ಹೋದರೆ ಡಾಕ್ಟರಮ್ಮನ ಖೋಲಿಯೊಳಗೆ ಕಾಕಾನನ್ನೇ ಕರೆದುಕೊಂಡು ಹೋಗುವುದು. ನಾನು ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತಿರುವುದು. ಒಂದು ಸಲ ಕೇಳಿಯೇಬಿಟ್ಟೆ: "ಕಾಕಾಗ ಹೇಳೂದರಾಗ ಒಂದರ ನನಗ ಹೇಳಬಾರದೇನ್ರಿ?" "ನಿನಗ ಹೇಳಿದ್ರ ನೀ ಅಂಜತಿ" ಎಂದರು ಇವರು. ಊಟವೂ ಅಷ್ಟೇ. ವರ್ಷವಾದರೂ ನನ್ನ ಕೈಯ ರೊಟ್ಟಿ ಮುಟ್ಟಿರಲಿಲ್ಲ.

ಆಗ ನೈಟ್ ಪಾಳಿಯ ತಕರಾರು ಎದ್ದಿತು. ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ಆಫೀಸಿನಲ್ಲಿ ತೋರಿಸಲು ಇವರಿಗೆ ಹೆದರಿಕೆ. ತಲೆಯ ರೋಗ ಎಂದು ತಿಳಿದರೆ ಕೆಲಸವೇ ಹೋಗುತ್ತದೆ. ಹೊಟ್ಟೆನೋವು, ಪಿತ್ತ ಎಂದು ಹೇಳಿ ಕೆಲವು ತಿಂಗಳು ತಳ್ಳಿದರು. ಕೊನೆಗೆ ಸೂಪರ್‌ವೈಜರ್, ನಿನಗೆ ಕಾಯಂ ಹಗಲು ಬೇಕಾದರೆ ನಿಮ್ಮ ಪ್ಯಾಕಿಂಗಿನವನೇ ಇನ್ನೊಬ್ಬ ಕಾಯಂ ನೈಟ್ ಒಪ್ಪಬೇಕು, ಇಲ್ಲದಿದ್ದರೆ ಮುಂದಿನ ವಾರದಿಂದ ನೈಟ್‌ಗೆ ಬಾ ಎಂದುಬಿಟ್ಟ. ಕಾಕಾನ ನೈಟ್ ಹಿಡಿಯುತ್ತಿದ್ದ ಮಣಿಸರದವನು ತಿಂಗಳೆಲ್ಲ ನೈಟ್ ಆಗದು ಎಂದ, ಬೇರೆ ಯಾರೂ ಒಪ್ಪಲಿಲ್ಲ.

ಆ ಭಾನುವಾರ ಇವರು ಕಟಿಂಗಿಗೆ ಹೋದಾಗ ಕಾಕಾ ಬಂದರು. ಏನು ಮಾಡುವುದು ಎಂದು ತಾವೂ ಚಿಂತೆ ಮಾಡುತ್ತಿದ್ದರು. ನಾನು ಚಹಾ ಕೊಟ್ಟೆ. ಆಗ ನನ್ನ ತಲೆಯಲ್ಲಿ ಬಂದದ್ದನ್ನು ಇಂದು ಹಾಗೇ ಬರೆಯುತ್ತೇನೆ. ಕಾಕಾ ನೈಟ್ ಹಿಡಿದರೆ ಇವರ ಕೆಲಸ ಉಳಿಯುತ್ತದೆ, ಅದು ಒಂದು. ಇವರ ಬಸ್ಸು ಬೆಳಗಿನ ಆರಕ್ಕೆ ಹೊರಟರೆ ಕಾಕಾನ ಬಸ್ಸು ಏಳೂವರೆಗೆ ಬಂದು ಇಳಿಸುತ್ತದೆ. ಸಂಜೆ ಇವರು ಬರುವಾಗ ಕಾಕಾ ಮಲಗಿರುತ್ತಾರೆ, ಎದ್ದರೆ ಬಸ್ಸಿನ ಹೊತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಡಬ್ಬಿ ಬದಲಾಯಿಸುವಂತಿಲ್ಲ, ಕಟ್ಟೆಯ ಮೇಲೆ ಕೂರುವಂತಿಲ್ಲ. ನನ್ನ ಗಂಡ ನನ್ನ ಮನೆಗೆ ಬರುತ್ತಾರೆ.

"ಕಾಕಾ, ಇಷ್ಟು ಮಮತಿ ಇದ್ರ ಆ ನೈಟ್ ನೀವ ಹಿಡಿಬೇಕಲ್ರಿ? ನಿಮಗೇನು ಹೆಂಡ್ರ ಮಕ್ಕಳು ದಾರಿ ಕಾಯ್ತಾರೇನು? ಬಾಯಿಮಾತಿಗೆ ಯಾರಿಗರ ಮಮತಿ ಬರತೈತ್ರಿ."

ಕಾಕಾ ಲೋಟ ಕೆಳಗಿಟ್ಟರು. ಕರವಸ್ತ್ರದಿಂದ ಬೆರಳು ಒಂದೊಂದಾಗಿ ಒರೆಸಿಕೊಂಡರು.

"ಅವಗ ನಿನ್ನ ಕೈಯಾನ ಊಟಾ ಹತ್ತಬೇಕು ನನ್ನವ್ವ. ಅದೂ ಖರೇನ. ಎಷ್ಟು ದಿನ ಅಂತ ನನ್ನ ಸುಟ್ಟ ರೊಟ್ಟಿ ತಿಂತಾನ?" ಎಂದರು. ಆಮೇಲೆ, "ಆತು, ಹಿಡಿತೇನಿ" ಎಂದು ಎದ್ದು ಹೋದರು.

ನಾನು ಗೆದ್ದೆ. ಮೊದಲ ವಾರ ಇವರು ಕಾಕಾನ ಡಬ್ಬಿಯಿಲ್ಲದೆ ಉಪವಾಸ ಇದ್ದರು. ಎರಡನೆಯ ವಾರ ನಾನು ಕಾಕಾನ ರೀತಿಯನ್ನೇ ಕದ್ದೆ. ಇವರ ಕಣ್ಣ ಮುಂದೆ ಹಿಟ್ಟು ನಾದಿ, ಇವರ ಕಣ್ಣ ಮುಂದೆ ಬಡಿದು, ಬೇಯಿಸಿ, ಅದೇ ತಾಟಿನಲ್ಲಿ ನಾನೂ ಉಂಡೆ. ಗುಳಿಗೆಯನ್ನು ಪಕ್ಕದಲ್ಲಿ ಬಿಚ್ಚಿಟ್ಟು, "ಇದು ಗುಳಗಿ ರಿ. ಚಟ್ನ್ಯಾಗ ಹಾಕಿದ್ದು ನನ್ನ ತಪ್ಪು" ಎಂದೆ. ಒಂದು ದಿನ ಇವರು ಒಂದು ತುತ್ತು ಮುರಿದರು. ತಿಂಗಳೊಳಗೆ ನಾಲ್ಕು ರೊಟ್ಟಿಗೆ ಬಂದರು. ನಾನು ಜಂಪರು ಹೊಲಿಯುತ್ತ ಹಾಡು ಗುನುಗಿದೆ.

ಮೂರು ತಿಂಗಳು ಕಳೆದಿರಬೇಕು. ಬಸ್ಸಿನವರು ಬಂದು ಹೇಳಿದರು, ಕಾಕಾ ಕೆಲಸಕ್ಕೆ ಬಾರದೆ ಆರು ದಿನವಾಯಿತು, ಕರೆಯಲು ಹೋದರೆ ಬಾಗಿಲು ತೆರೆಯುವುದಿಲ್ಲ, ಒಳಗೆ ಒಬ್ಬರೇ ಮಾತಾಡುತ್ತಾರೆ ಎಂದು. ಇವರು ಚಪ್ಪಲಿ ಮೆಟ್ಟದೆ ಓಡಿದರು. ನಾನು ರೊಟ್ಟಿ ಪಲ್ಯ ಕಟ್ಟಿಕೊಂಡು ಹಿಂದೆ ಹೋದೆ.

ಕಾಕಾ ಇವರಿಗೆ ಮಾತ್ರ ಬಾಗಿಲು ತೆರೆದರು. ಕಿಟಕಿಗೆಲ್ಲ ಪೇಪರು ಅಂಟಿಸಿದ್ದರು. ಆ ಖಾಕಿ ಅಂಗಿ ಇಸ್ತ್ರಿ ಕಂಡು ಎಷ್ಟೋ ದಿನವಾಗಿತ್ತು. ನಾನು ಡಬ್ಬಿ ಬಿಚ್ಚಿ ಮುಂದಿಟ್ಟೆ. ನನ್ನ ಎಣಗಾಯಿಯನ್ನು ಅಷ್ಟು ಹೊಗಳಿದ್ದ ಮನುಷ್ಯ ಅದನ್ನು ನೋಡಿ ಗೋಡೆಗೆ ಸರಿದರು.

"ಇದರಾಗ ಏನ ಹಾಕಿರಿ?"

"ಏನೂ ಇಲ್ಲ ಕಾಕಾ, ನಿಮ್ಮಾಣಿಗೂ ಏನೂ ಇಲ್ಲ" ಎಂದೆ. ಅವರು ನಂಬಲಿಲ್ಲ.

ಹೊರಗೆ ಬಂದಾಗ ಇವರು ನನಗೆ ಹೇಳಿದರು. ಕಾಕಾನಿಗೂ ಇದೇ ರೋಗ, ಇಪ್ಪತ್ತು ವರ್ಷದಿಂದ. ಹೆಂಡತಿ ಅದೇ ಕಾರಣಕ್ಕೆ ಬಿಟ್ಟು ಹೋಗಿದ್ದು. ಕೈ ನಡುಗುತ್ತಿದ್ದದ್ದು ಗುಳಿಗೆಯಿಂದ. ಜೇಬಿನಿಂದ ತೆಗೆದು ನುಂಗುತ್ತಿದ್ದದ್ದು ಬೀಪಿಯದಲ್ಲ. ಒಂಬತ್ತರ ನಿದ್ದೆ ಸುಖಜೀವಿಯ ನಿದ್ದೆಯಲ್ಲ, ಔಷಧದ ಅರ್ಧ ಭಾಗ. ಇದೆಲ್ಲವನ್ನೂ ಕಾಕಾ ನಮ್ಮವರಿಗೆ ಮೊದಲ ದಿನ ಬಸ್ಸಿನಲ್ಲೇ ಹೇಳಿದ್ದರು, ಅದಕ್ಕೇ ಅವರ ಡಬ್ಬಿಯನ್ನು ನಂಬಿದ್ದರು. ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಆ ಮಾತು ಆಡುತ್ತಿರಲಿಲ್ಲ ಎಂದು ನನ್ನ ಮನಸ್ಸು ಒಡನೆ ನೆಪ ಹುಡುಕಿತು. ಈಗಲೂ ಹುಡುಕುತ್ತದೆ.

"ಕಾಕಾ ಹೋಗಿ ಹೋಗಿ ನೈಟ್ ಯಾಕ ಹಿಡದ್ರೋ" ಎಂದರು ಇವರು. ನಾನು ಚಪ್ಪಲಿಯ ಧೂಳು ಕೊಡವುತ್ತ ನಿಂತೆ.

ಇವರು ಮೂರು ದಿನ ಆ ಖೋಲಿಯಲ್ಲೇ ಕುಳಿತರು. ಒತ್ತಾಯವಿಲ್ಲ, ಬೈಗುಳವಿಲ್ಲ. ತಮ್ಮ ಗುಳಿಗೆ ತೋರಿಸಿ ತಾವು ನುಂಗುವುದು, ಕಾಕಾನದನ್ನು ಎದುರಿಗೆ ಇಡುವುದು. ನಾಲ್ಕನೆಯ ದಿನ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಕಾಕಾ ಚೇತರಿಸಿಕೊಂಡರು, ಆದರೆ ಮೊದಲಿನಷ್ಟಲ್ಲ. ವಿಷಯ ಕಾರ್ಖಾನೆಗೆ ಗೊತ್ತಾಗಿ ಕೆಲಸ ಹೋಯಿತು. ಮುದ್ದೇಬಿಹಾಳ ಕಡೆಯಿಂದ ಅಕ್ಕನ ಮಗ ಬಂದು ಕರೆದುಕೊಂಡು ಹೋದ. ಹೊರಡುವಾಗ ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟು, "ಉಣ್ಣಾಕತ್ತಾನಲ್ಲವ್ವ, ಚಲೋ ಆತು" ಎಂದರು. ಬೇರೇನೂ ಹೇಳಲಿಲ್ಲ, ಇವರಿಗೂ ನನ್ನ ಹೆಸರು ಹೇಳಿರಲಿಲ್ಲ. ಬೈದು ಹೋಗಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ.

ಆಮೇಲೆ ಮೊಬೈಲು ಬಂತು. ತಿಂಗಳಿಗೊಮ್ಮೆ ಇಬ್ಬರೂ ಮಾತಾಡುತ್ತಿದ್ದರು. ಇವರು ಫೋನು ಹಿಡಿದು ಅಂಗಳದ ತುದಿಗೆ ಹೋಗುತ್ತಿದ್ದರು, ನಾನು ಯಂತ್ರದ ಚಕ್ರ ನಿಲ್ಲಿಸಿ ಕಿವಿಗೊಡುತ್ತಿದ್ದೆ. ನಗು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಷ್ಟೆಲ್ಲ ಮಾಡಿದ ಮೇಲೂ ನನಗೆ ಹೊಟ್ಟೆಕಿಚ್ಚೇ.

ತೀರಿಕೊಂಡ ಸುದ್ದಿಯನ್ನು ಅಕ್ಕನ ಮಗ ಫೋನಿನಲ್ಲಿ ಹೇಳಿದ. ಹೃದಯ ನಿಂತಿತಂತೆ. ಇವರು ಅಳಲಿಲ್ಲ. ಅಂದು ರಜೆ ಹಾಕಿ ಕಟ್ಟೆಯ ಮೇಲೆ ಕುಳಿತೇ ಇದ್ದರು. ಮಧ್ಯಾಹ್ನ ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಇನ್ನು ಹೊತ್ತುಕೊಂಡು ಇರಲು ನನ್ನಿಂದ ಆಗಲಿಲ್ಲ.

"ಕಾಕಾಗ ನೈಟ್ ಹಿಡೀರಿ ಅಂದಾಕಿ ನಾನು" ಎಂದೆ. "ನಿಮ್ಮಿಬ್ಬರನ್ನ ಅಗಲಸಬೇಕಂತನ ಅಂದೆ. ಮಮತಿ ಬಾಯಿಮಾತಿಂದೇನು ಅಂತ ಚುಚ್ಚಿದೆ."

ಬೈಯುತ್ತಾರೆ, ಎದ್ದು ಹೋಗುತ್ತಾರೆ, ಮತ್ತೆ ನನ್ನ ಊಟ ಬಿಡುತ್ತಾರೆ ಎಂದು ಕಾದೆ. ಇವರು ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

"ನೀ ಅಂದಾಗ ನಿನಗ ಗೊತ್ತಿರಲಿಲ್ಲ" ಎಂದರು ಕೊನೆಗೆ. "ನನಗ ಗೊತ್ತಿತ್ತು. ನೈಟ್ ಹಿಡದ್ರ ಕಾಕಾ ಬೀಳ್ತಾರ ಅಂತ ನನಗ ಚಲೋತ್ನಾಗಿ ಗೊತ್ತಿತ್ತು. ಬ್ಯಾಡ್ರಿ ಅನ್ನಬೇಕಾಗಿತ್ತು. ಅನಲಿಲ್ಲ. ನನಗ ತಿರುಗಿ ಹಂಗ ಆದ್ರ ಅಂತ ಅಂಜಿಕಿ. ಬೀಳೂದಿದ್ರ ಅವರ ಬೀಳಲಿ ಅಂತ ಸುಮ್ಮನ ಕುಂತೆ."

"ಇದನ್ನ ಕಾಕಾಗ ಹೇಳಿದ್ರೇನು, ಎಂದರ?"

"ಇಲ್ಲ. ಅವರ ಮುಂದ ಬಾಯಿ ಬರಲಿಲ್ಲ."

ಕಾಕಾನಿಗೆ ಹೇಳದ ಒಂದೇ ಒಂದು ಮಾತನ್ನು ಇವರು ನನಗೆ ಹೇಳಬೇಕೆಂದು ನಾನು ಏಳು ವರ್ಷ ಹಂಬಲಿಸಿದ್ದೆ. ಹೇಳಿದರು.